ವಾರಿಜಾ ಮಿಸ್ ಕಟ್ಟಿದ ಬಾಗಿನ

ಗ್ಯಾಸ್ ಆಫ್ ಮಾಡಿದ್ದೀನೋ ಇಲ್ಲವೋ ಅಂತ ಬಸ್ ಸ್ಟಾಪಿನಿಂದ ಮನೆಗೆ ವಾಪಸ್ ಬಂದು ನೋಡುವ ಪೈಕಿ ವಾರಿಜಮ್ಮ. ಮನೆಯಲ್ಲಿ ಸೊಸೆ ಸಂಹಿತಾ ಇರುತ್ತಾಳೆ, ಅವಳಿಗೂ ಎರಡು ಕಣ್ಣಿದೆ, ಒಂದು ಮೂಗಿದೆ. ಆದರೂ ಈಕೆ ಬರಬೇಕು, ಒಲೆ ಮುಟ್ಟಿ ನೋಡಬೇಕು, ಆಮೇಲೆ ಓಡಬೇಕು, ಬಸ್ಸು ತಪ್ಪಬೇಕು. ಮುಂದಿನ ಬಸ್ಸಿನಲ್ಲಿ ಕೂತು ತಡವಾಯ್ತಲ್ಲ ಅಂತ ಅದಕ್ಕೊಂದು ಚಿಂತೆ ಬೇರೆ. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಅರವತ್ತು ದಾಟಿದ ಮೇಲೆ ಇನ್ಯಾರು ತಿದ್ದುತ್ತಾರೆ.

ಇಂಥ ಜೀವ ಜಯನಗರದ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಕಾಮರ್ಸ್ ಪಾಠ ಮಾಡಿ ರಿಟೈರ್ ಆಯಿತು. ಬೋರ್ಡಿನ ಮೇಲೆ ಎಷ್ಟೋ ಕಂಪನಿ ಕಟ್ಟಿದರು, ಎಷ್ಟೋ ಕಂಪನಿ ಮುಳುಗಿಸಿದರು. ಆದರೆ ಜೀವಮಾನದಲ್ಲಿ ಒಂದು ಕಟ್ಟು ಕೊತ್ತಂಬರಿ ಸೊಪ್ಪನ್ನು ಯಾರಿಗೂ ಮಾರಿದವರಲ್ಲ. ಅಂಥವರನ್ನು ಹುಡುಕಿಕೊಂಡು ಬಂದು, ಗೊಟ್ಟಿಗೆರೆಯ ಹುಡುಗಿಯರಿಗೆ ಸ್ವಂತ ವ್ಯಾಪಾರ ಮಾಡೋದು ಹೇಗೆ ಅಂತ ಕಲಿಸಿಕೊಡಿ ಮೇಡಂ ಅಂತ ಒಂದು ಟ್ರಸ್ಟಿನವರು ಕೇಳಿದರಲ್ಲ, ಅವರ ಧೈರ್ಯ ಮೆಚ್ಚಬೇಕು. ಯಜಮಾನರು ಅನಂತರಾಮು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮಗ ವಿಶ್ರುತ್, ಸೊಸೆ ಇಬ್ಬರೂ ಮನೆಯಲ್ಲೇ ಕೂತು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಆಫೀಸು ನಡೆಸುತ್ತಿದ್ದರು. ಮನೆಯಲ್ಲಿ ಕುಕ್ಕರ್ ಕೂಗಿದರೂ ಅಪರಾಧ. ವಾರಿಜಮ್ಮ ಹೂಂ ಅಂದುಬಿಟ್ಟರು. ಹೂಂ ಅಂದ ಮರುಗಳಿಗೆಯಿಂದ ಚಿಂತೆ ಶುರು.

ಕ್ಲಾಸು ಶನಿವಾರ ಭಾನುವಾರ, ರೇಷನ್ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ. ಹುಡುಗಿಯರಲ್ಲಿ ಕೆಲವರು ಪಿಯುಸಿ ಫೇಲಾದವರು, ಕೆಲವರು ಪಾಸಾಗಿಯೂ ಮನೆಯಲ್ಲಿ ಕೂತವರು. ತಾಯಂದಿರು ಬನ್ನೇರುಘಟ್ಟ ರಸ್ತೆಯ ಅಪಾರ್ಟ್‌ಮೆಂಟುಗಳಲ್ಲಿ ಹೌಸ್‌ಕೀಪಿಂಗ್, ತಂದೆಯರು ಗಾರೆ ಕೆಲಸ, ಪೇಂಟಿಂಗು, ಕೆಲವರ ತಂದೆ ಹೆಸರಿಗೆ ಮಾತ್ರ. ಮೊದಲ ದಿನ ವಾರಿಜಮ್ಮ ಬೋರ್ಡಿನ ಮೇಲೆ 'ಉದ್ಯಮಶೀಲತೆ' ಅಂತ ದೊಡ್ಡದಾಗಿ ಬರೆದು ತಿರುಗಿದರು. ಮುಂದಿನ ಸಾಲಿನಲ್ಲಿದ್ದ ಸಣ್ಣಗಿನ ಹುಡುಗಿಯೊಬ್ಬಳು, ಹೆಸರು ಸುನಿತಾ, ಕೈಯೆತ್ತಿದಳು.

"ಮಿಸ್, ನೀವೇನು ಮಾರಿದೀರಾ ಇದುವರೆಗೂ?"

ವಾರಿಜಮ್ಮ ಸೀಮೆಸುಣ್ಣ ಕೆಳಗಿಟ್ಟರು. "ಏನೂ ಇಲ್ಲಮ್ಮ," ಅಂದರು.

"ಹಂಗಾದ್ರೆ ಬಿಡಿ ಮಿಸ್, ಒಟ್ಟಿಗೇ ಕಲಿಯಣ."

ಕ್ಲಾಸಿಗೆ ಕ್ಲಾಸೇ ನಕ್ಕಿತು. ವಾರಿಜಮ್ಮನೂ ನಕ್ಕರು. ಆ ನಗುವಿನ ಜೊತೆಗೇ ಆ ಹುಡುಗಿಯ ಮೇಲೆ ಅವರಿಗೆ ಒಂಥರಾ ಜೀವ ಅಂಟಿಕೊಂಡಿತು. ಆಮೇಲಿನ ವಾರಗಳಲ್ಲಿ ಬಾಯಿ ನೋಯುವಷ್ಟು ಸಲ ಎರಡು ಮಾತು ಹೇಳಿಕೊಟ್ಟರು. ನಿನಗೆ ಏನಿಷ್ಟ ಅನ್ನೋದನ್ನು ಕಟ್ಟಿಡು, ಗಿರಾಕಿಗೆ ಏನು ಬೇಕು ಅದನ್ನು ಕೇಳು. ಗಿರಾಕಿಗೆ ಸುಳ್ಳು ಹೇಳಬೇಡ, ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ. ಸುನಿತಾ ಎರಡನ್ನೂ ತಲೆಯಾಡಿಸಿ ನುಂಗಿಕೊಂಡಳು.

ಕೋರ್ಸಿನ ಕೊನೆಗೆ ಹುಡುಗಿಯರು ನಿಜವಾದ ಗಿರಾಕಿಗೆ ನಿಜವಾದ ಮಾಲು ಮಾರಬೇಕು ಅನ್ನೋದು ಟ್ರಸ್ಟಿನ ಕರಾರು. ಒಬ್ಬಳು ಮೆಹಂದಿ ಅಂದಳು, ಒಬ್ಬಳು ಮೇಣದಬತ್ತಿ ಅಂದಳು. ಸುನಿತಾ ಮಾತ್ರ ಮೊರದ ಬಾಗಿನ ಅಂದಳು. ಗೌರಿ ಹಬ್ಬಕ್ಕೆ ಮುತ್ತೈದೆಯರು ಒಬ್ಬರಿಗೊಬ್ಬರು ಕೊಡುವ ಬಾಗಿನ. ಎರಡು ಮೊರಕ್ಕೆ ಅರಿಶಿನ ಬಳಿದು ಒಣಗಿಸಿ, ಒಂದರಲ್ಲಿ ಅಕ್ಕಿ, ಬೇಳೆ, ಬೆಲ್ಲ, ಬಳೆ, ಕರಿಮಣಿ, ಕನ್ನಡಿ, ಬಾಚಣಿಗೆ, ರವಿಕೆ ಕಣ ತುಂಬಿ, ಇನ್ನೊಂದನ್ನು ಮೇಲೆ ಮುಚ್ಚಿ ದಾರ ಕಟ್ಟಬೇಕು.

"ಅವ್ವ ಕೆಲಸ ಮಾಡೋ ಅಪಾರ್ಟ್‌ಮೆಂಟಲ್ಲಿ ಪ್ರತಿ ವರ್ಷ ಇದೇ ಗೋಳು ಮಿಸ್," ಅಂದಳು. "ಬಳೆ, ಕಣ ಎಲ್ಲಾ ಮೊಬೈಲಲ್ಲಿ ಆರ್ಡರ್ ಮಾಡ್ತಾರೆ. ಮೊರ ತಂದು ಬಳಿದು ಒಣಗಿಸಿ ಕಟ್ಟಕ್ಕೆ ಯಾರಿಗೂ ಟೈಮಿಲ್ಲ. ಎಲ್ಲಾ ರೆಡಿ ಮಾಡಿ ಮನೆ ಬಾಗಿಲಿಗೆ ಕೊಟ್ರೆ ಯಾಕೆ ತಗೊಳಲ್ಲ?"

ಮೂವತ್ತು ವರ್ಷ ಕಾಮರ್ಸ್ ಹೇಳಿದ ಹೆಂಗಸಿಗೆ ಇದು ಹೊಳೆದಿರಲಿಲ್ಲ ನೋಡಿ. ಅವರಿಗೆ ಖುಷಿಯಾಯಿತು. ಖುಷಿಯಾಗಿ ಕೂಡಲೇ ಜಯನಗರದ ಮಹಿಳಾ ಮಂಡಳಿಯ ಕಾರ್ಯದರ್ಶಿ ಪದ್ಮಾಸನಿಗೆ ಫೋನ್ ಮಾಡಿದರು. ಪದ್ಮಾಸನಿ ಅದೇ ಕಾಲೇಜಿನಲ್ಲಿ ಸಂಸ್ಕೃತ ಹೇಳುತ್ತಿದ್ದವರು, ಸ್ಟಾಫ್ ರೂಮಿನಲ್ಲಿ ವರ್ಷಗಟ್ಟಲೆ ಪಕ್ಕದ ಮೇಜು. ಮಂಡಳಿಯವರು ಒಟ್ಟಿಗೆ ಸೇರಿ ಗೌರಿ ಪೂಜೆ ಮಾಡುತ್ತಾರೆ, ಎಲ್ಲರಿಗೂ ಬಾಗಿನ ಬೇಕೇ ಬೇಕು. ಒಂದೇ ಫೋನಿನಲ್ಲಿ ಇಡೀ ಮಂಡಳಿಯ ಆರ್ಡರು ಸಿಕ್ಕಿಬಿಟ್ಟಿತು.

ಮಾರನೆಯ ವಾರ ಸುನಿತಾಳ ತಾಯಿ ಮಾದಮ್ಮ ಕ್ಲಾಸಿನ ಮೆಟ್ಟಿಲು ಹತ್ತಿ ಬಂದಳು. ಕನಕಪುರದ ಕಡೆಯ ಗಟ್ಟಿ ಹೆಂಗಸು, ಕೆಲಸದ ನೀಲಿ ಕೋಟು ಇನ್ನೂ ಮೈಮೇಲೇ ಇತ್ತು. "ಮೇಡಮ್ಮೋರೆ, ತಪ್ಪು ತಿಳ್ಕಬೇಡಿ. ಇವಳಿಗೆ ಗಾರ್ಮೆಂಟ್ಸ್‌ನಾಗೆ ಕೆಲಸ ಗೊತ್ತು ಮಾಡಿವ್ನಿ. ಹಬ್ಬ ಆದ ಸೋಮವಾರ ಸೇರ್ಕಬೇಕು. ಈ ಮೊರ ಗಿರ ಅಂತಾವ್ಳಲ್ಲ, ಅದು ಗಿಟ್ಟಿದ್ರೆ ದೀಪಾವಳಿಗಂಟ ಬುಟ್ಟೇನು. ಗಿಟ್ಟನಿಲ್ಲ ಅಂದ್ರೆ ಸೋಮವಾರ ಬಸ್ಸು ಹತ್ತಲೇಬೇಕು. ನನ್ನ ಮಂಡಿ ಇನ್ನೆಷ್ಟು ದಿನ ಮೆಟ್ಟಿಲು ಒರೆಸೀತು?"

ಆ ಮಾತಿನಲ್ಲಿ ತಪ್ಪು ಹುಡುಕೋದಕ್ಕೆ ವಾರಿಜಮ್ಮನಿಗೆ ಏನೂ ಸಿಗಲಿಲ್ಲ. ಅಲ್ಲಿಂದ ಮುಂದೆ ಗ್ಯಾಸು ಗೀಸು ಎಲ್ಲ ಮರೆತುಹೋಗಿ, ಎದ್ದರೆ ಸುನಿತಾ, ಕೂತರೆ ಸುನಿತಾ ಆಯಿತು. ಮೊರ ಸಿಗದಿದ್ದರೆ? ಮಳೆ ಹಿಡಿದು ಅರಿಶಿನ ಒಣಗದಿದ್ದರೆ? ಬೆಲ್ಲಕ್ಕೆ ಇರುವೆ ಹತ್ತಿದರೆ? ಈ ಹುಡುಗಿ ಸೋಮವಾರ ಬೆಳಿಗ್ಗೆ ಡಬ್ಬಿ ಹಿಡಿದು ಬಸ್ಸು ಹತ್ತಿದರೆ ಅದು ನನ್ನ ಪಾಠದ ಯೋಗ್ಯತೆ ಅಂತ ಹೆದರಿಕೊಂಡರು. ಎಲ್ಲದಕ್ಕೂ ಹೆದರಿದರು, ಆಗಿದ್ದು ಮಾತ್ರ ಅವರು ಹೆದರಿದ ಪಟ್ಟಿಯಲ್ಲೇ ಇರಲಿಲ್ಲ.

ಹಬ್ಬಕ್ಕೆ ಒಂದು ವಾರ ಇರುವಾಗ ಅರಿಶಿನ ಬಳಿಯುವ ಕೆಲಸ. ಸುನಿತಾಳ ಜೊತೆ ಕೈ ಸೇರಿಸಿದ್ದ ಹುಡುಗಿಯರಲ್ಲಿ ಇಬ್ಬರಿಗೆ ಅವತ್ತೇ ಜ್ವರ. ಆಚೆ ಸೋನೆ ಮಳೆ, ಕೋಣೆಯ ತುಂಬ ಬಿದಿರಿನ ಮೊರ. ಸುನಿತಾ ಒಬ್ಬಳೇ ನಾಲ್ಕು ಜನರ ಕೆಲಸ ಎಳೆಯುತ್ತಿದ್ದಳು. ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತು ನೋಡಿ ನೋಡಿ ವಾರಿಜಮ್ಮನಿಗೆ ತಡೆಯಲಾಗಲಿಲ್ಲ. ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನೆಲಕ್ಕೆ ಕೂತೇಬಿಟ್ಟರು.

"ಹಾಗಲ್ಲ ಕಣೇ, ಅಂಚಿನಿಂದ ಒಳಗೆ ಬಳೀಬೇಕು. ತಾ ಇಲ್ಲಿ."

ಕೈ ಇಟ್ಟಿದ್ದೇ ತಡ, ಬೆರಳುಗಳಿಗೆ ಎಲ್ಲ ನೆನಪಿತ್ತು. ಅಮ್ಮನ ಮನೆಯ ಹಜಾರ, ಅತ್ತಿಗೆಯರು, ನಾದಿನಿಯರು, ಯಾರ ಮೊರ ಚೆನ್ನ ಅಂತ ಪೈಪೋಟಿ. ಬಳಿದರು, ಒಣಗಿದ್ದಕ್ಕೆ ಕುಂಕುಮದ ಬೊಟ್ಟು ಇಟ್ಟರು, ದಾರ ಹಾಕಿ ಕಟ್ಟೋದು ಹೇಗೆ ಅಂತ ತೋರಿಸಿದರು. ಹುಡುಗಿಯರು ಕೀಟಲೆ ಮಾಡಿದರು, ಮಿಸ್ಸಿನ ಮೂಗಿಗೆ ಅರಿಶಿನ ಹತ್ತಿತು ಅಂತ ನಕ್ಕರು. ಎಷ್ಟೋ ವರ್ಷದ ಮೇಲೆ ವಾರಿಜಮ್ಮನಿಗೆ ಒಂದು ಮಧ್ಯಾಹ್ನ ಪೂರ್ತಿ ಚಿಂತೆಯೇ ಬರಲಿಲ್ಲ. ತಾನು ಗಂಡ ಸತ್ತವಳು, ಬಾಗಿನದ ಹತ್ತಿರ ಸುಳಿಯಬಾರದು ಅಂತ ಲೋಕ ಹೇಳುತ್ತದೆ ಅನ್ನೋದು ಪಕ್ಕಾ ಮರೆತೇಹೋಗಿತ್ತು. ಮರೆಯಬಹುದು ಅಂತಲೂ ಅವರಿಗೆ ಗೊತ್ತಿರಲಿಲ್ಲ.

ಆಗ ಫೋನ್ ಬಂತು. ಮೊಣಕೈವರೆಗೆ ಅರಿಶಿನ, ಹೇಗೆ ಎತ್ತುವುದು? ಸುನಿತಾ ಕೈ ಒರೆಸಿಕೊಂಡು ಸ್ಪೀಕರ್ ಹಾಕಿ ಫೋನನ್ನು ಮಿಸ್ಸಿನ ಬಾಯಿ ಹತ್ತಿರ ಹಿಡಿದಳು. ಪದ್ಮಾಸನಿಯ ದನಿ ಕೋಣೆ ತುಂಬಿತು.

"ವಾರಿಜಾ, ಎಲ್ಲಾ ಸುಸೂತ್ರವಾಗಿ ನಡೀತಿದೆಯಾ? ಒಂದು ಮಾತು ಕೇಳ್ತೀನಿ, ತಪ್ಪು ತಿಳ್ಕೋಬೇಡಿ ಕಣ್ರೀ. ನಂಗೇನೂ ಇಲ್ಲ. ಮಂಡಳೀಲಿ ಹಿರಿಯರು ಇದಾರೆ, ಅವರು ಕೇಳ್ತಾರೆ. ಮುತ್ತೈದೆಯರ ಕೈಲಿ, ಇಲ್ಲ ಕನ್ಯೆಯರ ಕೈಲಿ ತಾನೆ ಮಾಡಿಸ್ತಿರೋದು? ನೀವು... ನೀವೇನೂ ಮುಟ್ಟಿಲ್ವಲ್ಲ?"

ಈಗ ನೀವೇ ಹೇಳಿ. ಇದೇ ವಾರಿಜಮ್ಮ ಯಜಮಾನರ ವೈಕುಂಠ ಸಮಾರಾಧನೆಯ ದಿನ, ಕುಂಕುಮದ ಭರಣಿ ಎತ್ತಿಡೋಕೆ ಬಂದ ನಾದಿನಿಯ ಕೈ ಹಿಡಿದು, "ಅದನ್ನ ಅಲ್ಲೇ ಇಡಿ, ಅದು ಮದುವೆಗೆ ಮುಂಚಿನಿಂದ ನಂದು," ಅಂದವರು. ನೆಂಟರೆಲ್ಲ ಬಾಯಿ ಮೇಲೆ ಬೆರಳಿಟ್ಟುಕೊಂಡಿದ್ದರು. ಅಷ್ಟು ಎದೆಗಾರಿಕೆ ಇದ್ದ ಹೆಂಗಸು ಈಗ ಹೌದ್ರೀ, ಮುಟ್ಟಿದೆ, ಏನೀಗ ಅನ್ನಬೇಕಿತ್ತೋ ಬೇಡವೋ. ಬಾಯಿಗೆ ಬಂದದ್ದೇ ಬೇರೆ. ಕಣ್ಣೆದುರು ಮಾದಮ್ಮನ ನೀಲಿ ಕೋಟು ಬಂದು ನಿಂತಿತು.

"ಛೆ ಛೆ, ನಾನ್ಯಾಕೆ ಮುಟ್ಟಲಿ ಪದ್ಮಾಸನಿ. ದೂರದಲ್ಲಿ ಕೂತು ಹೇಳಿಕೊಡ್ತೀನಷ್ಟೆ. ಎಲ್ಲ ಮಕ್ಕಳೇ ಮಾಡ್ತಿರೋದು."

ಫೋನ್ ಇಟ್ಟಾಯಿತು. ವಾರಿಜಮ್ಮನ ಎದುರಿಗೇ ಅವರ ಎರಡು ಕೈ, ಹಳದಿ ಹಳದಿ. ಸುನಿತಾ ಆ ಕೈಗಳನ್ನು ನೋಡಿದಳು, ಮಿಸ್ಸಿನ ಮುಖ ನೋಡಿದಳು, ಮುಂದಿನ ಮೊರ ಎತ್ತಿಕೊಂಡಳು. ಆ ಹುಡುಗಿ ಬೈದಿದ್ದರೆ ವಾಸಿಯಿತ್ತು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಅಂತ ಮುಖದ ಮೇಲೆ ಹೇಳಿದ್ದರೆ ವಾರಿಜಮ್ಮ ಅತ್ತು ಹಗುರವಾಗುತ್ತಿದ್ದರು. ಅದೂ ಆಗಲಿಲ್ಲ.

ಬಸ್ಸಿನುದ್ದಕ್ಕೂ ಲೆಕ್ಕ ಹಾಕಿದರು. ತಾವು ಮುಟ್ಟಿದ ಮೊರ ಬೇರೆ ಮಾಡೋಣ ಅಂದರೆ ಎಲ್ಲವೂ ಬೆರೆತುಹೋಗಿವೆ. ಎಲ್ಲ ಹೊಸದಾಗಿ ಮಾಡಿಸೋಣ ಅಂದರೆ ಮೊರ ಎಲ್ಲಿಂದ ಬರಬೇಕು, ಹಬ್ಬದ ವಾರ. ಪದ್ಮಾಸನಿಗೆ ನಿಜ ಹೇಳೋಣ ಅಂದರೆ ಆರ್ಡರು ಹೋಯಿತು, ಸೋಮವಾರ ಬಂತು. ಹೇಳದೆ ಇರೋಣ ಅಂದರೆ ಆ ಕೋಣೆಯಲ್ಲಿ ಐದಾರು ಹುಡುಗಿಯರು ಕೇಳಿಸಿಕೊಂಡಿದ್ದಾರೆ, ಯಾರ ಬಾಯಿಗೆ ಬೀಗ ಹಾಕೋದಕ್ಕಾಗುತ್ತೆ. ಇಳಿಯಬೇಕಾದ ಸ್ಟಾಪು ದಾಟಿ ಹೋಯಿತು. ಕಂಡಕ್ಟರು ಬೈದು ಇಳಿಸಿದ.

ಇದರ ಜೊತೆ ಉಗುರಿನ ಸಂದಿಯ ಅರಿಶಿನ ಹೋಗಲೊಲ್ಲದು. ಸೋಪು ಹಾಕಿದರು, ನಿಂಬೆಹಣ್ಣು ತಿಕ್ಕಿದರು, ಪಾತ್ರೆ ಉಜ್ಜುವ ನಾರಿನಿಂದ ಕೆರೆದರು. ಮಾರನೆಯ ಬೆಳಿಗ್ಗೆ ಸಿಂಕಿನ ಮುಂದೆ ನಿಂತು ಅದೇ ಮಾಡುತ್ತಿದ್ದಾಗ ಬಾಗಿಲ ಬೆಲ್ ಆಯಿತು. ಬಂದವರು ಪದ್ಮಾಸನಿ. ಕೈಯಲ್ಲಿ ಚೀಲ. ಮಂಡಳಿಯವರೇ ಆರಿಸಿದ ರವಿಕೆ ಕಣಗಳಂತೆ, ಬಾಗಿನದಲ್ಲಿ ಇವನ್ನೇ ಇಡಬೇಕಂತೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನೋ ಗಾದೆ ಯಾರಿಗಾಗಿ ಹುಟ್ಟಿತೋ, ಅವತ್ತು ವಾರಿಜಮ್ಮನಿಗೇ ಹುಟ್ಟಿದಂತಿತ್ತು. ಪದ್ಮಾಸನಿ ಏನೂ ಅಂದಿರಲಿಲ್ಲ, ಈಕೆ ಆಗಲೇ ಎರಡೂ ಕೈ ಸೆರಗಿನೊಳಗೆ ಸೇರಿಸಿಕೊಂಡು ನಿಂತಿದ್ದರು. ಚೀಲ ಇಸಕೊಳ್ಳೋದಕ್ಕೂ ಕೈ ಚಾಚಲಿಲ್ಲ.

"ಯಾಕ್ರೀ, ಕೈಗೇನಾಯ್ತು?"

"ಅಲರ್ಜಿ. ಏನೋ ಗುಳ್ಳೆ ಎದ್ದಿದೆ." ಎರಡನೆಯ ಸುಳ್ಳು ಮೊದಲನೆಯದಕ್ಕಿಂತ ಸಲೀಸಾಗಿ ಬಂತು, ಅದಕ್ಕೂ ಅವರಿಗೆ ಹೆದರಿಕೆಯಾಯಿತು.

ಸಂಹಿತಾ ಕಾಫಿ ತಂದುಕೊಟ್ಟಳು. ಪದ್ಮಾಸನಿ ಕಾಫಿ ಕುಡಿದು, ಅಲರ್ಜಿಗೆ ಕಹಿಬೇವು ಒಳ್ಳೇದು ಅಂತ ಹೇಳಿ, ಸಂಹಿತಾಳ ಕೈಯಿಂದ ಕುಂಕುಮ ಇಡಿಸಿಕೊಂಡು ಹೋದರು. ಬಾಗಿಲು ಹಾಕಿದ ಮೇಲೆ ಸೊಸೆ ಅತ್ತೆಯ ಕೈ ಎಳೆದು ನೋಡಿದಳು. ವಿಷಯವೆಲ್ಲ ಆಚೆ ಬಂತು.

"ಇಷ್ಟಕ್ಕಾ ಅಮ್ಮ? ಯಾರಿಗೆ ಗೊತ್ತಾಗುತ್ತೆ? ಇಂಥಾ ಕಾಲದಲ್ಲೂ ಇದನ್ನೆಲ್ಲಾ ಕೇಳ್ತಾರಲ್ಲ, ಅವರಿಗೆ ನಾಚಿಕೆ ಆಗ್ಬೇಕು. ನೀವ್ಯಾಕೆ ಹೆದರ್ತೀರಾ?"

"ನಂಗೆ ಅವರ ಹೆದರಿಕೆ ಅಲ್ಲ ಕಣಮ್ಮ. ಆ ಹುಡುಗಿ ನನ್ನ ನೋಡಿದ ರೀತಿ ಇದೆಯಲ್ಲ, ಅದಕ್ಕೆ ನಂಗೆ ಅನ್ನ ಇಳೀತಿಲ್ಲ." ಅಷ್ಟು ಹೇಳಿ ವಾರಿಜಮ್ಮ ಮತ್ತೆ ನಿಂಬೆಹಣ್ಣು ತಗೊಂಡರು. ಸಂಹಿತಾಳಿಗೆ ಮೀಟಿಂಗ್ ಇತ್ತು, ಹೆಡ್‌ಫೋನ್ ಹಾಕಿಕೊಂಡಳು.

ಆ ವಾರ ಸುನಿತಾ ದಿನಾ ಫೋನ್ ಮಾಡಿದಳು. ಬಳೆ ಬಂತು ಮಿಸ್, ಬೆಲ್ಲ ಬಂತು ಮಿಸ್, ಕಣ ಮಡಚಿದೀವಿ ಮಿಸ್. ಪದ್ಮಾಸನಿಯ ಫೋನಿನ ಮಾತು ಮಾತ್ರ ಅವಳೂ ಎತ್ತಲಿಲ್ಲ, ಇವರೂ ಎತ್ತಲಿಲ್ಲ. ಪ್ರತಿ ಸಲ ಸುನಿತಾ ಅನ್ನೋ ಹೆಸರು ಮೊಬೈಲಿನಲ್ಲಿ ಮೂಡಿದಾಗಲೂ, ಗೊತ್ತಾಗ್ಹೋಯ್ತು ಮಿಸ್ ಅಂತಾಳೆ ಅಂತಲೇ ಎತ್ತುತ್ತಿದ್ದರು.

ಹಬ್ಬದ ಹಿಂದಿನ ದಿನ ಬಾಗಿನಗಳೆಲ್ಲ ಒಂದು ಗೂಡ್ಸ್ ಆಟೋದಲ್ಲಿ ಜಯನಗರಕ್ಕೆ ಬಂದವು. ಮಂಡಳಿಯ ಹಾಲಿನಲ್ಲಿ ಜಮಖಾನ ಹಾಸಿತ್ತು, ಹೆಂಗಸರು ಗೌರಿಯ ಮಂಟಪ ಕಟ್ಟುತ್ತಿದ್ದರು. ಸುನಿತಾ ತನ್ನ ಒಂದೇ ಒಂದು ಒಳ್ಳೆಯ ಚೂಡಿದಾರ್ ಹಾಕಿಕೊಂಡು, ತಲೆ ನೀಟಾಗಿ ಬಾಚಿ, ಬಾಗಿನಗಳನ್ನು ಸಾಲಾಗಿ ಜೋಡಿಸಿದಳು. ನೋಡೋದಕ್ಕೆ ಎರಡು ಕಣ್ಣು ಸಾಲದು, ಅಷ್ಟು ಚೆನ್ನಾಗಿದ್ದವು. ವಾರಿಜಮ್ಮ ಬಾಗಿಲ ಪಕ್ಕದ ಕಂಬಕ್ಕೆ ಒರಗಿ ನಿಂತರು.

ಒಬ್ಬ ವಯಸ್ಸಾದ ಹೆಂಗಸು ಮೊರದ ಅಂಚು ಸವರಿ ನೋಡಿ, "ಎಷ್ಟು ಲಕ್ಷಣವಾಗಿ ಬಳಿದಿದಾರೆ. ನಮ್ಮ ಕಾಲದ ಕೈ ಇದ್ದ ಹಾಗಿದೆ," ಅಂದರು. ಪದ್ಮಾಸನಿ ಸುನಿತಾಳ ಕಡೆ ತಿರುಗಿದರು.

"ಯಾರಮ್ಮ ಬಳಿದದ್ದು ಇದನ್ನ?"

ಹಾಲಿನಲ್ಲಿ ಒಂದೊಂದು ಮುಖವೂ ಆ ಹುಡುಗಿಯ ಕಡೆ ತಿರುಗಿದ್ದು ವಾರಿಜಮ್ಮನಿಗೆ ಕಂಡಿತು. ಹೇಳಿಬಿಡು ತಾಯೀ ಅಂತ ಒಂದು ಮನಸ್ಸು, ಹೇಳಬೇಡ ತಾಯೀ ಅಂತ ಒಂದು ಮನಸ್ಸು. ಕಂಬ ಹಿಡಿದುಕೊಂಡರು.

"ನಾವೇ ಮೇಡಂ, ಹುಡುಗೀರು," ಅಂದಳು ಸುನಿತಾ. ದನಿ ಒಂದಿಷ್ಟೂ ನಡುಗಲಿಲ್ಲ. "ಮಿಸ್ ಬಾಗಿಲಾಚೆ ಕೂತು ಹೇಳ್ಕೊಡ್ತಿದ್ರು. ಒಳಗೆ ಬನ್ನಿ ಮಿಸ್ ಅಂದ್ರೂ ಬರ್ಲಿಲ್ಲ. ಬಾಗಿನ ಅಲ್ವಾ, ಬೇಡಮ್ಮ ಅಂದ್ರು."

ಪದ್ಮಾಸನಿಯ ಮುಖ ಅರಳಿತು. ಬಂದು ವಾರಿಜಮ್ಮನ ಭುಜ ಹಿಡಿದರು. "ಇದು ನೋಡಿ ಸಂಸ್ಕಾರ ಅಂದ್ರೆ. ನಂಗೆ ಗೊತ್ತಿತ್ತು, ನೀವು ಮುಟ್ಟಿರಲ್ಲ ಅಂತ." ಆ ಕಡೆಯಿಂದ ಇಬ್ಬರು ಮೂವರು ಹೆಂಗಸರು ತಲೆದೂಗಿದರು. ವಾರಿಜಮ್ಮ ನಕ್ಕರು. ಏನು ಮಾಡುತ್ತಾರೆ, ನಗಲೇಬೇಕಿತ್ತು. ಯಾರೋ ನೂರು ಜನರೆದುರು ಕಪಾಳಕ್ಕೆ ಹೊಡೆದು ಹಾರ ಹಾಕಿದ ಹಾಗಿತ್ತು ಅವರಿಗೆ.

ಅಲ್ಲೇ ನಿಂತ ಹಾಗೆ ನವರಾತ್ರಿಯ ಸುವಾಸಿನಿ ಪೂಜೆಗೂ ಆರ್ಡರು ಸಿಕ್ಕಿತು. ಒಬ್ಬರು ಜೆ.ಪಿ. ನಗರದ ತಮ್ಮ ಅಕ್ಕನ ಮಂಡಳಿಗೂ ಬೇಕು ಅಂದರು. ಬನಶಂಕರಿಯಲ್ಲಿ ಮಗಳ ಮದುವೆ ಇಟ್ಟುಕೊಂಡ ಇನ್ನೊಬ್ಬರು ನಂಬರು ತಗೊಂಡರು. ಆಚೆ ಬಂದ ಮೇಲೆ ಸುನಿತಾ ಫುಟ್‌ಪಾತಿನಲ್ಲೇ ಮಿಸ್ಸಿನ ಕಾಲಿಗೆ ಬಿದ್ದಳು. ಎದ್ದಾಗ ಕಣ್ಣಲ್ಲಿ ನೀರು.

"ಸೋಮವಾರ ಹೋಗಲ್ಲ ಮಿಸ್ ನಾನು. ಅವ್ವಂಗೆ ಫೋನ್ ಮಾಡಿ ಹೇಳ್ಬಿಡ್ತೀನಿ."

ವಾರಿಜಮ್ಮ ಅವಳ ತಲೆ ಸವರಿದರು. ಗೆದ್ದೆವು ಅನ್ನಿಸಿತು. ಗೆದ್ದ ಸಂಭ್ರಮ ಎಲ್ಲಿ ಅಂತ ಹುಡುಕಿದರೆ ಸಿಗಲಿಲ್ಲ. ಆ ಹುಡುಗಿ ಒಂದು ಸಲವಾದರೂ ತಡವರಿಸಬಾರದಿತ್ತಾ ಅಂತ ಮನಸ್ಸು ಕೊರೆಯಿತು. ಎಲ್ಲ ಮುಗಿಯಿತಲ್ಲ, ಇನ್ನು ಯಾರೂ ಏನೂ ಕೇಳಲ್ಲ ಅಂತ ತಮಗೆ ತಾವೇ ಸಮಾಧಾನ ಹೇಳಿಕೊಂಡು ಮನೆಗೆ ಬಂದರು.

ಮುಗಿದಿರಲಿಲ್ಲ. ಗಣಪತಿ ಮುಳುಗಿಸಿದ ಮೇಲಿನ ಶನಿವಾರ ಗೊಟ್ಟಿಗೆರೆಗೆ ಹೋದರೆ ಕೋಣೆಯ ತುಂಬ ಹೊಸ ಮೊರ. ಜ್ವರ ಬಿಟ್ಟ ಇಬ್ಬರೂ ಬಂದಿದ್ದರು, ಹೊಸದಾಗಿ ಇನ್ನಿಬ್ಬರು ಸೇರಿದ್ದರು. ಮಾದಮ್ಮ ದೀಪಾವಳಿಯವರೆಗೆ ಬಿಟ್ಟಿದ್ದಳು, ಅಲ್ಲಿಂದಾಚೆ ನೋಡುವ ಅಂದಿದ್ದಳು. ಸುನಿತಾ ಓಡಿ ಬಂದು ಮೊಬೈಲು ತೋರಿಸಿದಳು. ವಾಟ್ಸಾಪಿನಲ್ಲಿ ಕಳಿಸೋಕೆ ತಾನೇ ಮಾಡಿದ ಪೋಸ್ಟರ್. ಹಳದಿ ಮೊರದ ಫೋಟೋ, ಮೇಲೆ 'ಸುನಿತಾ ಬಾಗಿನ', ಕೆಳಗೆ ಫೋನ್ ನಂಬರು. ಅದರ ಕೆಳಗೆ ಕೆಂಪಕ್ಷರದಲ್ಲಿ, 'ಮುತ್ತೈದೆಯರು ಮತ್ತು ಕನ್ಯೆಯರ ಕೈಯಿಂದ ಮಾತ್ರ ತಯಾರಿಸಿದ್ದು'.

"ತಪ್ಪಿದ್ರೆ ತಿದ್ಕೊಡಿ ಮಿಸ್."

ವಾರಿಜಮ್ಮ ಕನ್ನಡಕ ಸರಿ ಮಾಡಿಕೊಂಡು ಇನ್ನೊಂದು ಸಲ ಓದಿದರು. "ಈ ಕೊನೇ ಸಾಲು ಯಾಕೆ?"

"ಎಲ್ರೂ ಅದನ್ನೇ ಕೇಳ್ತಾರೆ ಮಿಸ್. ಜೆ.ಪಿ. ನಗರದೋರೂ ಕೇಳಿದ್ರು, ಮದುವೆ ಮನೆಯೋರೂ ಕೇಳಿದ್ರು. ಮೊದಲೇ ಹಾಕ್ಬಿಟ್ರೆ ಅವರಿಗೂ ಧೈರ್ಯ."

"ಸುಳ್ಳಲ್ವೇನೇ ಅದು?"

ಸುನಿತಾ ತಲೆ ತಗ್ಗಿಸಿದಳು. ಆಮೇಲೆ ತುಂಬ ಯೋಚನೆ ಮಾಡಿಟ್ಟುಕೊಂಡವಳ ಹಾಗೆ ನಿಧಾನವಾಗಿ ಹೇಳಿದಳು. "ಹೋದ ಸಲ ಸುಳ್ಳಾಯ್ತು ಮಿಸ್. ನಂಗೂ ನಿದ್ದೆ ಬರ್ಲಿಲ್ಲ. ಗಿರಾಕಿಗೆ ಸುಳ್ಳು ಹೇಳ್ಬಾರ್ದು ಅಂತ ನೀವೇ ಹೇಳ್ಕೊಟ್ಟಿದ್ದು. ಅದಕ್ಕೆ ಈ ಸಲ ನಿಜಾನೇ ಮಾಡ್ಬಿಡಣ. ನೀವು ಒಳಗೆ ಬರೋದು ಬೇಡ. ಬಾಗಿಲಾಚೆ ಕುರ್ಚಿ ಹಾಕಿವ್ನಿ, ಅಲ್ಲಿ ಗಾಳೀನೂ ಚೆನ್ನಾಗದೆ. ಅಲ್ಲಿಂದಲೇ ಹೇಳ್ಕೊಡಿ ಮಿಸ್."

ಗುರುವಿಗೆ ತಿರುಮಂತ್ರ ಅಂದರೆ ಇದು. ಕಲಿಸಿದ ಎರಡೂ ಮಾತನ್ನು ಹುಡುಗಿ ಚಾಚೂ ತಪ್ಪದೆ ಪಾಲಿಸಿದ್ದಳು. ಪರೀಕ್ಷೆಯಾಗಿದ್ದರೆ ನೂರಕ್ಕೆ ನೂರು ಕೊಡಬೇಕಿತ್ತು. ವಾರಿಜಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು.

"ಅವತ್ತು ನಾನು ಸುಳ್ಳು ಹೇಳಿದ್ದು ಹೆದರಿಕೊಂಡು ಕಣೇ. ನಾನೇ ಬಳಿದೆ, ನನ್ನ ಕೈಯಲ್ಲಿ ಏನೂ ತಪ್ಪಿಲ್ಲ ಅನ್ನಬೇಕಿತ್ತು."

"ಅಂದಿದ್ರೆ ಆರ್ಡರ್ ಹೋಗ್ತಿತ್ತು ಮಿಸ್."

"ಹೋಗ್ತಿತ್ತು."

"ನಾನೀಗ ಗಾರ್ಮೆಂಟ್ಸಲ್ಲಿ ಇರ್ತಿದ್ದೆ."

ವಾರಿಜಮ್ಮ ಬಗ್ಗಿ ಹತ್ತಿರದ ಒಂದು ಮೊರ ಎತ್ತಿಕೊಳ್ಳಲು ಹೋದರು. ಸುನಿತಾಳ ಕೈ ಅದರ ಇನ್ನೊಂದು ಅಂಚನ್ನು ಹಿಡಿಯಿತು. ಕಿತ್ತುಕೊಳ್ಳಲಿಲ್ಲ, ಬಿಡಲೂ ಇಲ್ಲ. ಹುಡುಗಿಯರೆಲ್ಲ ಕೆಲಸ ನಿಲ್ಲಿಸಿ ನೋಡುತ್ತಿದ್ದರು.

"ಮಿಸ್, ಪ್ಲೀಸ್," ಅಂದಳು ಸುನಿತಾ. ಕಣ್ಣು ತುಂಬಿತ್ತು, ಹಿಡಿತ ಸಡಿಲಿಸಲಿಲ್ಲ.

ನಾದಿನಿಯ ಮುಂದೆ ಬಿಡದ ಹೆಂಗಸು ಈ ಹುಡುಗಿಯ ಮುಂದೆ ಬಿಟ್ಟರು. ಮೊರ ಅವಳದು, ಕೋಣೆ ತುಂಬಿದ ಕೆಲಸ ಅವಳದು, ಗಿಟ್ಟದಿದ್ದರೆ ದೀಪಾವಳಿ ಆದ ಮೇಲೆ ಬಸ್ಸು ಹತ್ತಬೇಕಾದವಳೂ ಅವಳೇ. ಇವಳು ಬದುಕಿಕೊಳ್ಳುತ್ತಾಳೆ, ಇವಳ ಬಗ್ಗೆ ಇನ್ನು ಹೆದರಬೇಕಾಗಿಲ್ಲ ಅನ್ನೋದು ನೋವಿನ ಜೊತೆಗೇ ಹೊಳೆಯಿತು. ಚಪ್ಪಲಿ ಮೆಟ್ಟಿಕೊಂಡು ಹೊಸ್ತಿಲು ದಾಟಿ ಆಚೆಯ ಕುರ್ಚಿಯಲ್ಲಿ ಕೂತರು. ಅದರ ಮೇಲೆ ಯಾರೋ ಒಗೆದ ಟವೆಲ್ ಮಡಚಿ ಹಾಸಿದ್ದರು.

ಆಮೇಲೆ ಹೊಸ ಹುಡುಗಿಯೊಬ್ಬಳು ಬಟ್ಟಲು ಹಿಡಿದು ಬಾಗಿಲ ತನಕ ಬಂದಳು. "ಮಿಸ್, ಅರಿಶಿನ ಇಷ್ಟು ಗಟ್ಟಿ ಸಾಕಾ?"

ವಾರಿಜಮ್ಮ ಕೂತಲ್ಲಿಂದಲೇ ಕುತ್ತಿಗೆ ಚಾಚಿ ನೋಡಿದರು.

"ಇನ್ನೊಂಚೂರು ನೀರು ಹಾಕಮ್ಮ," ಅಂದರು.